ಬಾರ್ಲಿ ಕಾಳಿನಷ್ಟು

ನಾನು ಮಾಡಿದ ಒಲೆಗೆ ತಿರುಗಣೆ ಇರಲಿಲ್ಲ,
ಗುಂಡಿ ಇಲ್ಲ, ಅಂಚೂ ಇಲ್ಲ.
ಚಳಿಗಾಲದ ಓದ್ರಾ ನದಿಯ ಹಾಗೆ
ಕಪ್ಪಗೆ, ಸಪಾಟಾಗಿ, ಒಂದೇ ಗಾಜು.
ವ್ರೊತ್ಸ್ವಾಫಿನ ನಮ್ಮ ಕಾರ್ಖಾನೆಗೆ
ಅದರಿಂದ ಒಂದು ಬಹುಮಾನವೂ ಬಂತು.
ಕಣ್ಣಿಗೆ ಹಬ್ಬ ಅಂದರು ಎಲ್ಲರೂ.
ಬೆರಳಿಗೆ ಉಪವಾಸ ಅಂದವಳು
ಒತಿಲಿಯಾ ಒಬ್ಬಳೇ.

ಟ್ರಾಮಿನಲ್ಲಿ ತಾನೇ ಬಂದಿದ್ದಳು,
ಬಿಳಿ ಕೋಲು ಮಡಚಿ ಕೋಟಿನ ಜೇಬಿಗೆ ತುರುಕಿ.
ಅರವತ್ತೊಂದು ವರ್ಷ. ಸಕ್ಕರೆ ಕಾಯಿಲೆ
ಕಣ್ಣು ತಿಂದು ಒಂಬತ್ತಾಯಿತಂತೆ.
ಗಂಟೆಗೆ ಇಷ್ಟು ಎಂದು ಮೊದಲೇ ಮಾತಾಡಿದ್ದಳು:
'ಪುಕ್ಕಟೆ ಕುರುಡಿಯಲ್ಲ ನಾನು.'

ಇಲ್ಲಿ ಮುಟ್ಟಿದರೆ ಉರಿ,
ಇಲ್ಲಿ ಜಾರಿಸಿದರೆ ಹೆಚ್ಚು ಉರಿ, ಎಂದು ಶುರುಮಾಡಿದೆ.
'ಇಲ್ಲಿ ಅಂದರೆ ಎಲ್ಲಿ?'
ಇಷ್ಟು ವರ್ಷ ಕಲಿತ ವಿದ್ಯೆ
ಆ ಒಂದು ಮಾತಿಗೆ ಬೆವರಿತು.
ಅವಳ ಅಂಗೈ ಗಾಜಿನ ಮೇಲೆ
ದಾರಿ ಕೇಳುತ್ತ ಹೊರಟಿತು,
ಕೇಳಲು ಯಾರೂ ಇಲ್ಲದ ಬಯಲಿನಲ್ಲಿ.
ಎಲ್ಲೋ ತಾಗಿ ಪೀಂ ಎಂದಿತು.
ಇನ್ನೆಲ್ಲೋ ತಾಗಿ ಪೀಂ.
'ಹತ್ತಿದರೂ ಪೀಂ, ಆರಿದರೂ ಪೀಂ.
ನನ್ನ ಮೊದಲ ಗಂಡನೂ ಹೀಗೇ,
ಸಿಟ್ಟಿಗೂ ಸಂತೋಷಕ್ಕೂ ಒಂದೇ ಹೂಂ.'

ಪಕ್ಕದಲ್ಲಿ ನಕ್ಕವಳು ಕಿಂಗಾ.
ಅವಳದು ಗಾಲಿಕುರ್ಚಿ; ದೂರು ಓವನ್ನಿನದು.
ಬಾಗಿಲು ಕೆಳಕ್ಕೆ ಬೀಳುತ್ತದೆ, ಕಾದ ಹೊಸ್ತಿಲಾಗಿ.
ಅದರಾಚೆ ಟ್ರೇ, ಈಚೆ ಅವಳ ಮೊಣಕಾಲು.
ತೋಳು ಮಡಚಿ ತೋರಿಸಿದಳು,
ಮೊಣಕೈಯಿಂದ ಕೆಳಗೆ ಕಂದು ಗೆರೆಗಳು:
'ಇದು ಕ್ರಿಸ್‌ಮಸ್. ಇದು ತಂಗಿಯ ಮದುವೆ.
ಇದು ಸುಮ್ಮನೆ ಒಂದು ಗುರುವಾರ.'
ಬದಿಗೆ ತೆರೆದರೆ ಸಾಕಿತ್ತು,
ಬೀರುವಿನ ಬಾಗಿಲಿನಂತೆ.
ಯಾಕೆ ಕೆಳಕ್ಕೆ ಎಂದು ಯಾರೂ ಕೇಳಿರಲಿಲ್ಲ.
ನಾನೂ.

ಸಂಜೆ ಒತಿಲಿಯಾಳ ಮನೆಗೆ ಹೋದೆ.
ಡಿಸೆಂಬರು; ನಾಲ್ಕಕ್ಕೇ ಕತ್ತಲು.
ದೀಪ ಹಾಕದ ಅಡುಗೆಮನೆಯಲ್ಲಿ ಅವಳು ಕ್ಯಾರೆಟ್ಟು ಹೆಚ್ಚುತ್ತಿದ್ದರೆ
ನಾನು ಗೋಡೆ ತಡವುತ್ತಿದ್ದೆ.
'ಬಲಕ್ಕೆ. ಇನ್ನೂ ಸ್ವಲ್ಪ ಮೇಲೆ' ಅಂದಳು.

ಬೆಳಕಿನಲ್ಲಿ ಕಂಡಿತು:
ಹಳೆಯ ಓವನ್ನಿನ ತಿರುಗಣೆಯ ಸುತ್ತ
ಉಗುರುಬಣ್ಣದಲ್ಲಿ ಅಂಟಿಸಿದ ಬಾರ್ಲಿ ಕಾಳು.
ಸಣ್ಣ ಉರಿಗೆ ಒಂದು, ನಡುವಿಗೆ ಎರಡು,
ನೂರೆಂಬತ್ತಕ್ಕೆ ಮೂರು.
ಯಾವ ಬಣ್ಣ ಕೊಡಲಿ ಎಂದಳಂತೆ ಅಂಗಡಿಯ ಹುಡುಗಿ.
'ಎಲ್ಲಕ್ಕಿಂತ ದಪ್ಪನೆಯ ಬಣ್ಣ.'

ಸೂಪು ಬಡಿಸಿದಳು. ಅದರಲ್ಲೂ ಬಾರ್ಲಿ.
ನಾನು ಅಳತೆಯ ಇಕ್ಕಳ ತೆಗೆದು
ತಿರುಗಣೆಯ ಕಾಳಿಗೆ ಹಿಡಿದೆ:
ಎರಡೂವರೆ ಮಿಲಿಮೀಟರು, ಬಣ್ಣವೂ ಸೇರಿ.
'ಆರಿಹೋಗುತ್ತೆ. ಮೊದಲು ತಿನ್ನು.'

ನಕ್ಷೆಗೆ ಇಳಿಸಿದೆ: ಮೂರು ಚುಕ್ಕೆ, ಬೆರಳಿಗೊಂದು ಅಂಚು,
ಹತ್ತುವಾಗ ಏರುವ ದನಿ, ಆರುವಾಗ ಇಳಿಯುವ ದನಿ,
ಬದಿಗೆ ತೆರೆಯುವ ಬಾಗಿಲು.
ಮಾರಾಟದ ಜೆನೋನ್ ಮಾದರಿಯ ಮೇಲೆ ಕೈಯಾಡಿಸಿ
'ಮೊಡವೆ' ಅಂದ.
ದನಿಗಳು ಉಳಿದವು, ಖರ್ಚಿಲ್ಲದ್ದು.
ಬಾಗಿಲು 'ಮುಂದಿನ ವರ್ಷ ನೋಡೋಣ'ದ ಕಡತಕ್ಕೆ ಹೋಯಿತು.
ಚುಕ್ಕೆ ಮೂರರಲ್ಲಿ ಒಂದನ್ನು
ಕೂಗಾಡಿ ಉಳಿಸಿಕೊಂಡೆ.

ಗೆದ್ದೆವು ಎಂದು ಫೋನು ಮಾಡಿದೆ.
ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಹಿಂದೆ ಏನೋ ಕುದಿಯುವ ಸದ್ದು.
'ಉಳಿದೆರಡಕ್ಕೆ ನನ್ನ ಹತ್ತಿರ ಬಾರ್ಲಿ ಇದೆ, ಬಿಡು.
ಆ ಹುಡುಗಿಯ ಬಾಗಿಲಿಗೆ
ಏನು ಅಂಟಿಸಲಿ?'