ಸರಪಳಿ ಸಾಲಲಿಲ್ಲ

ಸುಂಟಿಕೊಪ್ಪದ ಪಾರ್ಕು ಎಷ್ಟು ದೊಡ್ಡದೆಂದರೆ
ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಿಂದ
‘ಕಷಾಯ ಕುಡೀರಿ’ ಅನ್ನುತ್ತಾರೆ.
ಅಷ್ಟರಲ್ಲೇ ಆರು ಬುಟ್ಟಿ ನಿಲ್ಲಿಸುತ್ತೇನೆಂದು
ಹಟ ಹಿಡಿದವನು ಮೊಯ್ದೂಟ್ಟಿ,
ಗೇಟು ಕಿಟಕಿ ವೆಲ್ಡ್ ಮಾಡುವವನು.
ಯಾರ ಮೊಬೈಲಿನಲ್ಲಿ ನೋಡಿದನೋ
ತಟ್ಟೆ ಎಸೆದು ಬುಟ್ಟಿ ತುಂಬುವ ಈ ಆಟ.

ಕಂಬಕ್ಕೆ ಹಳೇ ನೀರಿನ ಪೈಪು.
ಬುಟ್ಟಿಗೆ ಜೀಪಿನ ರಿಮ್ಮು.
ಸುತ್ತ ಇಳಿಬಿಟ್ಟದ್ದು ಸೈಕಲ್ ಚೈನು, ಬೈಕಿನ ಚೈನು,
ಮುಚ್ಚಿದ ಸಾಮಿಲ್ಲಿನದೊಂದು.
ಆರನೆಯದಕ್ಕೆ ಸರಪಳಿ ಸಾಲಲಿಲ್ಲ.
ನಾನು ದನದಾಸ್ಪತ್ರೆಯ ಕಾಂಪೌಂಡರ್,
ಯಾರೋ ಮರೆತುಹೋದ ಹಸುವಿನ ಸರಪಳಿ
ತಂದುಕೊಟ್ಟೆ, ಗಂಟೆ ಸಮೇತ.

ತಟ್ಟೆ ಮೂರು.
ಒಂದು ಅಸಲಿ, ಕುಶಾಲನಗರದಲ್ಲಿ
ನಾಯಿಗೆ ಕಚ್ಚಲು ಕೊಡುವ ಮೂಳೆಯ ಪಕ್ಕ ತೂಗುತ್ತಿತ್ತು.
ಉಳಿದೆರಡು ಪೇಂಟ್ ಬಕೆಟ್ಟಿನ ಮುಚ್ಚಳ,
ಅಂಚಿಗೆ ಟ್ಯೂಬು ಸುತ್ತಿದ್ದು.

ಮೊದಲ ಬುಟ್ಟಿ ನೀರು ಬಾರದ ಕಾರಂಜಿಯ ಆಚೆ,
ಮಕ್ಕಳೂ ಹಾಕುತ್ತಾರೆ.
ಎರಡನೆಯದರ ಮಾತು ಬೇಡ.
ಮೂರನೆಯದಕ್ಕೆ ಅಡ್ಡ ‘ಹೂ ಕೀಳಬಾರದು’ ಬೋರ್ಡು,
ಹೂವಿಲ್ಲ, ಬೋರ್ಡಿನ ಮೇಲೆ ನನ್ನ ಏಟಿನ ಗುರುತು ಹನ್ನೊಂದು.

ತಟ್ಟೆಗೊಂದು ಚಾಳಿ.
ಕೈಬಿಟ್ಟಾಗ ಹೇಳಿದ ಮಾತು ಕೇಳುತ್ತದೆ.
ಸುತ್ತು ದಣಿದ ಮೇಲೆ ಎಡಕ್ಕೆ ವಾಲುತ್ತದೆ.
ಎಡಕ್ಕೇ. ಯಾವಾಗಲೂ.
ಗೊತ್ತಿದ್ದೂ ನೇರಕ್ಕೆ ಗುರಿಯಿಟ್ಟು
ಆಮೇಲೆ ಗಾಳಿಯನ್ನು ಬೈಯುತ್ತೇವೆ,
ನಾನೂ ಮೊಯ್ದೂಟ್ಟಿಯೂ.
ಅಂಚೆಕಚೇರಿಯ ದೇಚಮ್ಮ ಮಾತ್ರ
ಬಲಗಡೆಯ ಶೌಚಾಲಯದ ಗೋಡೆ ನೋಡಿ ಎಸೆಯುತ್ತಾರೆ,
ಮೂವತ್ತು ವರ್ಷ ಸೀಲು ಹೊಡೆದ ಕೈ.
ಚೈನು ಝಲ್ಲೆನ್ನುತ್ತದೆ.
‘ಕೆಲವು ಕಾಗದ ತಪ್ಪು ವಿಳಾಸಕ್ಕೆ ಹಾಕಿದರೇ ತಲುಪೋದು.’

ನನ್ನದು ಬೇರೆ ಭುಜ.
ಅಡ್ಡ ಸಿಕ್ಕ ಕರುಗಳನ್ನು ಒಳಗೆ ಕೈಹಾಕಿ
ತಿರುಗಿಸಿ ತಿರುಗಿಸಿ ಜಡಗಟ್ಟಿದ್ದು,
ಬಾಚಣಿಗೆಯೂ ತಲೆಗೆ ಮುಟ್ಟುತ್ತಿರಲಿಲ್ಲ.
ಈಗ ಮುಟ್ಟುತ್ತದೆ. ಕೂದಲು ಅಷ್ಟರಲ್ಲಿ ಹೋಗಿತ್ತು.

ಫೆಬ್ರವರಿಯ ಒಂದು ಸಂಜೆ ಐದನೆಯ ಬುಟ್ಟಿಗೆ
ನಾನೆಸೆದ ಅಸಲಿ ತಟ್ಟೆ
ಸಿಲ್ವರ್ ಮರದ ಬಳ್ಳಿಯಲ್ಲಿ ಸಿಕ್ಕಿಕೊಂಡಿತು.
ಪಂಚಾಯಿತಿ ಹರಾಜಿನ ಮೆಣಸು,
ಏಣಿಯ ತುದಿಯಲ್ಲಿ ಮುತ್ತ, ಸೊಂಟಕ್ಕೆ ಚೀಲ.
‘ಕೆಳಗೆ ಬಿಡು ಮಾರಾಯ’ ಅಂದೆ.
ಬಿಡಲಿಲ್ಲ.
ತಿರುಗಿಸಿ ನೋಡಿದ. ಅಂಗಿಗೆ ಒರೆಸಿದ.
ಒಂದು ಕೈ ಏಣಿಗೆ, ಒಂದು ಕೈ ಆಕಾಶಕ್ಕೆ,
ಎಸೆದ.

ಹಾಗೆ ಹೋದದ್ದನ್ನು ನಾನು ಮತ್ತೆ ನೋಡಿಲ್ಲ.
ಕಾರಂಜಿ ದಾಟಿತು, ಬೋರ್ಡು ದಾಟಿತು,
ಬೆಂಚಿನ ಮೇಲೆ ಮಲಗಿದ್ದ ಲಾಟರಿಯ ಅಪ್ಪುವಿನ ಮೇಲೆ
ಒಂದು ಗಳಿಗೆ ನೆರಳು ಹಿಡಿಯಿತು,
ನಾವು ಮೂವರೂ ಬಾಯಿ ತೆರೆದು ನಿಂತಂತೆಯೇ
ಎಡಕ್ಕೆ ವಾಲಿ
ಚರಂಡಿಗೆ ಬಿತ್ತು.

ಮೇಲಿನಿಂದ ನಗು, ಜೊತೆಗೆ ನಾಲ್ಕು ಕಾಳು ಮೆಣಸು.
‘ಇನ್ನೊಂದು ಕೊಡಿ.’

ಅದು ಯಾರ ಲೆಕ್ಕಕ್ಕೆ ಎಂದು ಜಗಳವಾಯಿತು.
ಲಸಿಕೆ ಚೀಟಿಯ ಹಿಂದೆ ದೇಚಮ್ಮ
ಮುತ್ತನಿಗೊಂದು ಸಾಲು ಎಳೆದರು.
ಪ್ರತಿ ಬುಟ್ಟಿಗೂ ಮೂರು ಎಸೆತ ಲೆಕ್ಕ,
ಅವನ ಸಾಲಿನಲ್ಲಿ ಒಂದೇ ಒಂದು,
ಬುಟ್ಟಿಯ ಹೆಸರಿಲ್ಲ.

ಮೊನ್ನೆ ರಾತ್ರಿ ಕರೆಂಟು ಹೋಗಿ ಗಾಳಿ ಎದ್ದಾಗ
ಆರನೆಯ ಬುಟ್ಟಿಯ ಗಂಟೆ ಬಾರಿಸಿಕೊಂಡಿತಂತೆ.
ವಾಚ್‌ಮನ್ ದೊಣ್ಣೆ ಹಿಡಿದು ಬಂದು
ಪಾರ್ಕು ಪೂರ್ತಿ ಹುಡುಕಿದನಂತೆ ಹಸುವನ್ನು,
ಹೈ, ಹೈ, ಎಂದು.
ಬೆಳಿಗ್ಗೆ ಆಸ್ಪತ್ರೆಗೆ ಬಂದು ಕೇಳಿದ,
‘ಯಾರದು ಸಾರ್, ಕಣ್ಣಿಗೇ ಬೀಳೋದಿಲ್ಲ?’
ಕಟ್ಟಿ ಹಾಕಿದ್ದೇವೆ ಅಂದೆ.