ಕೊಸರು

ಸಿದ್ದಾಪುರದಲ್ಲಿ ನಮಗೆ ಭಾನುವಾರ ಎರಡು ಪೂಜೆ.
ಏಳಕ್ಕೆ ಚರ್ಚಿನಲ್ಲಿ, ಒಂಬತ್ತಕ್ಕೆ ಸಂತೆಯಲ್ಲಿ.
ಎರಡನೆಯದಕ್ಕೆ ಗಂಟೆ ಇಲ್ಲ,
ಅಮ್ಮ ಗೋಣಿ ಕೊಡವುವ ಸದ್ದೇ.

ಒಣಮತ್ತಿ, ನಂಗು, ಸಿಗಡಿ, ಉಪ್ಪು ಮೆತ್ತಿದ ಬಂಗುಡೆ.
ಪೂಜೆಗೆ ಉಟ್ಟ ಸೀರೆಗೂ ಅದೇ ವಾಸನೆ.
ಪಕ್ಕದ ಬೆಂಚಿನವರು ಕರವಸ್ತ್ರ ಮೂಗಿಗೊತ್ತಿ
ಪ್ರಾರ್ಥಿಸುತ್ತಿದ್ದರು.
"ಪೇತ್ರನ ಮೈಯೂ ಹೀಗೇ ನಾರ್ತಿತ್ತು ಮಗಾ"
ಅನ್ನುತ್ತಿದ್ದಳು ಇನ್ನಾಸಮ್ಮ, ನನ್ನ ತಾಯಿ,
ಅಷ್ಟು ಮಾತ್ರ ಅವಳ ದೈವಶಾಸ್ತ್ರ.

ತಕ್ಕಡಿ ಸಮ ನಿಂತರೆ
ಸಂತೆಯಲ್ಲಿ ಎಲ್ಲರ ಅಳತೆ ಮುಗಿಯುತ್ತದೆ.
ಅವಳದು ಅಲ್ಲಿಂದ ಶುರು.
ಒಂದು ಹಿಡಿ ಸಿಗಡಿ, ಎರಡು ಮತ್ತಿ, ಒಮ್ಮೊಮ್ಮೆ ನಂಗು.
ಮುರಿದದ್ದನ್ನು ಹಾಕುತ್ತಿರಲಿಲ್ಲ.
ಮುರಿದದ್ದು ನಮ್ಮ ಸಾರಿಗೆ,
ಕೊಸರಿಗೆ ಇಡೀ ಮೀನು.

ನಾನು ಆಗ ಬಿಕಾಂ ಎರಡನೇ ವರ್ಷ.
ಒಂದು ಭಾನುವಾರದ ಕೊಸರನ್ನೆಲ್ಲ ಅಂದಾಜು ಹಾಕಿ
ಕಾಸ್ಟಿಂಗ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ:
ಎರಡು ಕಿಲೋ ಮುನ್ನೂರು ಗ್ರಾಂ.
ಐವತ್ತೆರಡರಿಂದ ಗುಣಿಸಿ
ಒಲೆಯ ಮುಂದೆ ನಿಂತು ಓದಿದೆ, ತೀರ್ಪಿನ ಹಾಗೆ:
ವರ್ಷಕ್ಕೆ ನೂರಿಪ್ಪತ್ತು ಕಿಲೋ, ಹತ್ತಿರ ಹತ್ತಿರ.
ಅಮ್ಮ ಊದುಕೊಳವೆ ಕೆಳಗಿಟ್ಟು ಕೇಳಿದಳು,
"ಅಷ್ಟೇನಾ?"

ರೈಟರ ಹೆಂಡತಿಗೂ ಯಾಕೆ ಹಾಕುತ್ತೀ,
ಕಾರಿಂದ ಇಳಿದವಳಿಗೆ, ಕೈತುಂಬ ಬಳೆಯವಳಿಗೆ?
"ಹೂಮಳೆ ಏನು ದೊಡ್ಡ ತೋಟಕ್ಕೆ ಬೇರೆ,
ಲೈನ್ ಮನೆ ಹಿಂದಿನ ಹತ್ತು ಗಿಡಕ್ಕೆ ಬೇರೆ ಬೀಳ್ತದಾ?"

ಕಕ್ಕಡದ ಒಂದು ಬೆಳಗು ಅವಳ ಬಲಗೈ
ಹೇಳಿದ ಮಾತು ಕೇಳದಾಯಿತು.

ಸಂತೆಗೆ ನಾನು. ಹೊಸ ತಕ್ಕಡಿ, ಬ್ಯಾಟರಿಯದು.
ಅರ್ಧ ಕಿಲೋ ಎಂದರೆ ಕೆಂಪು ಅಂಕಿಯಲ್ಲಿ ಐನೂರು,
ಐನೂರ ಒಂದೂ ಅಲ್ಲ, ಒಂದು ಕಡಿಮೆಯೂ ಅಲ್ಲ.
ಮೋಸವಿಲ್ಲ, ನನ್ನ ಕೈ ಶುದ್ಧ ಅಂದುಕೊಂಡೆ.
ಶುದ್ಧವಾಗಿಯೇ ಇತ್ತು.
ಇಕ್ಕಳದಿಂದ ಎತ್ತಿ ಹಾಕುತ್ತಿದ್ದೆ,
ಮೀನಿನ ವಾಸನೆ ಕೂಡ ಹತ್ತುತ್ತಿರಲಿಲ್ಲ.

ಪಾಲಿಬೆಟ್ಟದ ಕಡೆಯ ತೋಟದವಳು, ಅಸ್ಸಾಮಿನ ಹೆಂಗಸು,
ನಮ್ಮ ಮಾತು ಬಾರದು.
ದುಡ್ಡು ಎಣಿಸಿ ಕೊಟ್ಟಳು, ಚಿಲ್ಲರೆ ತಗೊಂಡಳು,
ಹೋಗಲಿಲ್ಲ.
ಚೀಲದ ಬಾಯಿ ಎರಡೂ ಕೈಲಿ ಅಗಲಿಸಿ ಹಿಡಿದೇ ಇದ್ದಳು.
ಬೇಡುವ ಭಂಗಿ ಅಲ್ಲ ಅದು.
ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತಿನ
ಉಳಿದರ್ಧ ಬರಲೆಂದು ನಿಂತಿರುತ್ತೇವಲ್ಲ, ಹಾಗೆ.
ಹಿಂದಿನವರು ಗೊಣಗಿದರು.
ಟಾರ್ಪಾಲಿನ ಹೊಟ್ಟೆಯಲ್ಲಿ ಮಳೆ ತುಂಬುತ್ತಿತ್ತು.
ನಾನು ಕೆಂಪು ಅಂಕಿ ತೋರಿಸಿದೆ.
ಸರಿ ಇದೆ ಎಂಬಂತೆ ತಲೆಯಾಡಿಸಿದಳು,
ಆಮೇಲೆ ಚೀಲದೊಳಗೆ ನೋಡಿ
"ಇನ್ನಾಸಮ್ಮ?" ಅಂದಳು.

ಅಮ್ಮನನ್ನು ಕೇಳಿದಳೋ,
ಕೊಸರಿಗೆ ಅವಳ ಬಾಯಲ್ಲಿ ಅದೇ ಹೆಸರೋ,
ಇಂದಿಗೂ ಗೊತ್ತಿಲ್ಲ.

ಇಕ್ಕಳ ಬಿಟ್ಟು ಕೈಲಿ ಹಾಕಿದೆ, ಎರಡು ಮತ್ತಿ.
ಮೂರನೆಯದಕ್ಕೆ ಕೈ ಹೋಗಿ, ವಾಪಸು ಬಂತು.

ಅವತ್ತಿಂದ ಹಾಕುತ್ತಿದ್ದೇನೆ. ಸುಲಭವಾಗಿದೆ ಎನ್ನಲಾರೆ.
ಪಾಪನಿವೇದನೆಯಲ್ಲಿ ಒಪ್ಪಿಕೊಂಡೆ:
"ಸ್ವಾಮಿ, ಕೊಡ್ತೇನೆ, ಆದ್ರೆ ಎಣಿಸ್ತೇನೆ."
ಜಾಲರಿಯ ಆಚೆ ಕೆಮ್ಮೋ, ನಗುವೋ.
"ಎಣಿಸಿಕೊಂಡೇ ಕೊಡು.
ಯಾವತ್ತಾದರೂ ಲೆಕ್ಕ ತಪ್ಪೀತು."

ಅಮ್ಮ ಈಗ ಎಡಗೈಲಿ ಶಿಲುಬೆಯ ಗುರುತು ಹಾಕುತ್ತಾಳೆ,
ಹಣೆಯಿಂದ ಎದೆಗೆ, ಎದೆಯಿಂದ ಭುಜಕ್ಕೆ, ಸೊಟ್ಟಗೆ.
ಸಂತೆಯಿಂದ ಬಂದರೆ ವ್ಯಾಪಾರ ಎಷ್ಟೆಂದು ಕೇಳುವುದಿಲ್ಲ.
ನನ್ನ ಕೈ ಎಳೆದುಕೊಂಡು ಮೂಸಿ ನೋಡುತ್ತಾಳೆ.
ಆಮೇಲೆ, ತೊದಲುತ್ತಾ:
"ಮುರಿದದ್ದು ತಂದ್ಯಾ, ಸಾರಿಗೆ?"