ನಡಾವಳಿ ಪುಸ್ತಕ

ಮೂರು ರಟ್ಟಿನ ಪೆಟ್ಟಿಗೆ, ಒಂದರ ತಳ ಒದ್ದೆ.
ಡುಲೂತಿನ ಲೂಥರನ್ ಚರ್ಚಿನವರು ಫೋನು ಮಾಡಿ
ನೆಲಮಾಳಿಗೆ ಖಾಲಿ ಮಾಡಿಸುತ್ತಿದ್ದೇವೆ, ನಿಮ್ಮದೇನೋ ಇದೆ ಅಂದರು.
ಗುಂಪು ಚಿಕಿತ್ಸಕರ ಸಂಘಕ್ಕೆ ಕಾರ್ಯದರ್ಶಿ ನಾನು, ಒಂಬತ್ತನೆಯವಳು.
ನಮ್ಮದೇನೋ ಇದೆ ಎಂಬುದೇ ನನಗೆ ಸುದ್ದಿ.

ಮೊದಲ ಪುಟ: ಐವತ್ತೆಂಟರ ನವೆಂಬರು,
ಸರೋವರದ ಕಡೆಯಿಂದ ಗಾಳಿ. ಹಾಜರಿ ಏಳು.
ಐಲಿ ಕಿವೆಲಾ, ಕ್ಷಯದಾಸ್ಪತ್ರೆಯ ನರ್ಸು,
ಗಣಿಯಿಂದ ಬಂದ ಹನ್ನೆರಡು ಗಂಡಸರನ್ನು
ಸುತ್ತ ಕೂರಿಸಿ ಮಾತಿಗೆಳೆದವಳು, ಯಾರ ಅಪ್ಪಣೆಯೂ ಇಲ್ಲದೆ.
ಡಾಕ್ಟರ್ ವಾಲ್ಟರ್ ಸ್ಟೆನೆರ್ಸನ್,
ಯುದ್ಧದಿಂದ ಮರಳಿದವರನ್ನು ಒಬ್ಬೊಬ್ಬರಾಗಿ ನೋಡಲು
ಹೊತ್ತು ಸಾಲದೆ ಗುಂಪಾಗಿ ನೋಡಿ
ಆಮೇಲೆ ಅದಕ್ಕೊಂದು ಸಿದ್ಧಾಂತ ಹೊಸೆದವನು.
ಕಾಫಿಗೆ ಒಂದು ಡಾಲರ್ ನಲವತ್ತು ಸೆಂಟು.
ನಿರ್ಣಯ: ಸಂಘವೊಂದು ಇರತಕ್ಕದ್ದು.
ಏಕೆಂದು ಬರೆದಿಲ್ಲ.

ನಾನು ಊಹಿಸಬಲ್ಲೆ.
ದಿನವಿಡೀ ಬೇರೆಯವರ ಅಳು ಕೇಳಿ
ಕಾರಿನಲ್ಲಿ ಕೂತು, ಕೀಲಿ ತಿರುವದೆ,
ಗಾಜಿನ ಮೇಲೆ ಹಿಮ ಕಟ್ಟುವುದನ್ನೇ ನೋಡುವವರಿಗೆ
ಇನ್ನೊಬ್ಬರೂ ಎಲ್ಲೋ ಹಾಗೇ ಕೂತಿದ್ದಾರೆಂದು
ಗೊತ್ತಾಗಬೇಕಿತ್ತು.

ಮೂರನೆಯ ಕಾರ್ಯದರ್ಶಿ ಇರ್ಮಾ ಪೆಲ್ಟಿಯರ್
ಮೌನವನ್ನೂ ಲೆಕ್ಕ ಇಟ್ಟಳು:
'ಮೌನ, ನಾಲ್ಕು ನಿಮಿಷ. ಕಿವೆಲಾ ಕುರ್ಚಿ ಸರಿಸಿದರು.
ಮೌನ, ಮತ್ತೆರಡು.'
ಖಜಾಂಚಿಗಿಂತ ಅವಳ ಲೆಕ್ಕವೇ ಚೊಕ್ಕ.

ಎಪ್ಪತ್ನಾಲ್ಕಕ್ಕೆ ಬಂದೆ. ಅಕ್ಷರ ಚಿಕ್ಕದಾಗುತ್ತದೆ.
ಪರವಾನಗಿ ಇದ್ದವರಿಗೆ ಮಾತ್ರ ಮತ, ಐದನೆಯ ಕಲಮು.
ನರ್ಸು, ಪಾದ್ರಿ, ಕುಡಿತ ಬಿಟ್ಟು ಕುಡುಕರಿಗೆ ನಿಂತವರು
ಗೋಡೆಯ ಪಕ್ಕದ ಕುರ್ಚಿಗೆ.
'ಅನಿಸಿದ್ದನ್ನು ಹಂಚಿಕೊಳ್ಳಿ ಎಂದು ಅಧ್ಯಕ್ಷರು ಕೋರಿದರು.
ಯಾರೂ ಹಂಚಿಕೊಳ್ಳಲಿಲ್ಲ. ಮತಕ್ಕೆ ಹಾಕಲಾಯಿತು.'
ಹನ್ನೊಂದು, ಒಂಬತ್ತು.
ಊರಿಗೆ ಉಪಕಾರಿ, ಮನೆಗೆ ಮಾರಿ:
ಜಗಳ ಬಿಡಿಸುವುದೇ ಕಸುಬಾದವರು
ಕೋಟು ಹಾಕಿಕೊಂಡು ಎರಡು ಬಾಗಿಲಿಂದ ಹೊರಬಿದ್ದರು.
ಸೂಚಿಸಿದವರು: ಸ್ಟೆನೆರ್ಸನ್.

ಒದ್ದೆ ಪೆಟ್ಟಿಗೆಯಲ್ಲಿ ಬೇರೆಯದೇ ಪುಸ್ತಕ,
ಶಾಲೆ ಮಕ್ಕಳದು, ಗೆರೆ ಹಾಕಿದ್ದು.
ಸೇತುವೆಯಾಚೆ, ಬೇಕರಿಯ ಹಿಂದಿನ ಕೋಣೆಯಲ್ಲಿ
ಐಲಿಯ ಕಡೆಯವರು ಹನ್ನೊಂದು ವರ್ಷ ಸೇರಿದ್ದಾರೆ.
ಹೆಸರಿಲ್ಲ, ಕಲಮಿಲ್ಲ, ಮುಚ್ಚಳವಿಲ್ಲದ ಒಂದು ಟೀ ಪಾತ್ರೆ.
ಅಲ್ಲಿ, ಎಪ್ಪತ್ತೊಂಬತ್ತರ ಫೆಬ್ರವರಿ:
'ಹೊಸಬರು ಒಬ್ಬರು. ವಾಲ್ಟರ್. ಮಾತಾಡಲಿಲ್ಲ.'
ಮರುವಾರ: 'ವಾಲ್ಟರ್. ಏಲಕ್ಕಿ ಬ್ರೆಡ್ಡು ತಂದಿದ್ದರು.'
ಆಮೇಲೆ ಬರೀ ವಾಲ್ಟರ್, ವಾಲ್ಟರ್,
ಒಂದು ಕಡೆ 'ಬರಲಿಲ್ಲ, ರಸ್ತೆ ಕೆಟ್ಟಿದೆ.'
ಹದಿನಾಲ್ಕನೆಯ ವಾರ:
'ವಾಲ್ಟರ್ ಮಗನ ಹೆಸರು ಹೇಳಿದ.'
ಆ ಹೆಸರನ್ನು ಐಲಿ ಬರೆದುಕೊಂಡಿಲ್ಲ.

ನಾನು ಬಹಳ ಹುಡುಕಿದೆ. ಹುಡುಕಬಾರದಿತ್ತೇನೋ.

ಎಂಬತ್ತೈದು, ಮತ್ತೆ ದಪ್ಪ ರಟ್ಟಿನ ಪುಸ್ತಕ:
ಐದನೆಯ ಕಲಮು ರದ್ದು.
ಸೂಚನೆ ಸ್ಟೆನೆರ್ಸನ್. ಅನುಮೋದನೆ ಕಿವೆಲಾ.
ಚರ್ಚೆ ಇಲ್ಲ. ಕಾಫಿ ಆರು ಡಾಲರ್.

ಉಳಿದದ್ದು ನಾನು ಕಂಡದ್ದೇ.
ವಿಮೆ ಕಂಪನಿಗೆ ಪತ್ರ, ಅದರ ಉತ್ತರಕ್ಕೆ ಪತ್ರ,
ಸೋಂಕಿನ ವರ್ಷದಲ್ಲಿ ದುಂಡಗೆ ಕೂರುತ್ತಿದ್ದವರು
ಪರದೆಯ ಮೇಲೆ ಚೌಕ ಚೌಕವಾಗಿ ಕೂತು
'ನಿಮ್ಮ ದನಿ ಕೇಳುತ್ತಿಲ್ಲ' ಎಂದು ಒಬ್ಬರಿಗೊಬ್ಬರು ಕೂಗಿದ್ದು.
ನಮ್ಮ ಕಸುಬಿನಲ್ಲಿ ಆ ಮಾತನ್ನು
ಅಷ್ಟು ಸಲೀಸಾಗಿ ಆಡುವವರಿಲ್ಲ.

ಈ ರಾತ್ರಿಯ ವಿಷಯ: ಸಂಘ ಇರಬೇಕೆ, ಬೇಡವೆ.
ರೇಡಿಯೇಟರಿನ ಮೇಲೆ ಒದ್ದೆ ಪುಸ್ತಕ ಒಣಗುತ್ತಿದೆ;
ಬಿಡಿಸಹೋದರೆ ಹಾಳೆಗಳು
ಒಂದರ ಅಕ್ಷರ ಇನ್ನೊಂದು ಹೊತ್ತು ಬರುತ್ತವೆ.
ಬಿಟ್ಟುಬಿಟ್ಟೆ.

ಹಾಜರಿ ಐದು.
ಕಾಫಿ ನಾನೇ ತಂದದ್ದು, ಲೆಕ್ಕಕ್ಕೆ ಬೇಡ.
ಓದಿ ಹೇಳಿದೆ, ವಾಲ್ಟರನ ಪುಟ ಬಿಟ್ಟು.
ಆಮೇಲೆ ಮೌನ.
ಗಡಿಯಾರ ನೋಡುವುದು ಮರೆತೆ.